ನೀರು ತುಂಬಿದರೂ ನಗು ಬರಬೇಕು: ಗೆಳೆಯರ ಕೂಟಕ್ಕೆ ಕುಡಿತದ ಆಟಗಳನ್ನು ಆರಿಸುವ ಬಗೆ

ಗೆಳೆಯರು ಸೇರಿ ಕುಡಿಯುವಾಗ ಆಡುವ ಆಟಗಳಲ್ಲಿ ಹೆಚ್ಚಿನವು ಒಂದೇ ನಿಯಮದ ಮೇಲೆ ನಿಂತಿವೆ: ಸೋತವರು ಕುಡಿಯಬೇಕು. ಕೇಳಲು ಸರಳವಾದ ಈ ನಿಯಮದಲ್ಲಿಯೇ ಆ ಆಟಗಳ ದೊಡ್ಡ ದೋಷವೂ ಅಡಗಿದೆ. ಸೋತವನು ಕುಡಿಯುತ್ತಾನೆ, ಕುಡಿದವನ ಕೈಯೂ ತಲೆಯೂ ಮಂದವಾಗುತ್ತವೆ, ಮಂದವಾದವನು ಮುಂದಿನ ಸುತ್ತಿನಲ್ಲಿ ಮತ್ತೆ ಸೋಲುತ್ತಾನೆ, ಮತ್ತೆ ಕುಡಿಯುತ್ತಾನೆ. ಹೀಗೆ ಎಂಟು ಮಂದಿಯ ಕೂಟದಲ್ಲಿ ಏಳು ಮಂದಿ ನಗುತ್ತಿರುವಾಗ ಒಬ್ಬನ ಮೇಲೆಯೇ ಇಡೀ ರಾತ್ರಿಯ ಭಾರ ಬೀಳುತ್ತದೆ.

ಹಲವು ವರ್ಷಗಳ ಹಿಂದೆ ನನ್ನ ಮನೆಯಲ್ಲೇ ಹೀಗಾಯಿತು. ನಾನೇ ಆರಿಸಿದ ದಾಳದ ಆಟದಲ್ಲಿ ಗೆಳೆಯನೊಬ್ಬ ಸತತವಾಗಿ ಐದು ಸುತ್ತು ಸೋತು, ಊಟ ಬಡಿಸುವ ಮೊದಲೇ ಮಲಗಿಬಿಟ್ಟ. ಉಳಿದವರು ಸರದಿಯ ಮೇಲೆ ಅವನ ಪಕ್ಕದಲ್ಲಿ ಕುಳಿತು ರಾತ್ರಿ ಕಳೆದೆವು. ಆಟದಲ್ಲಿ ಕೆಡುಕೇನೂ ಇರಲಿಲ್ಲ, ದಂಡವನ್ನು ಪೂರ್ತಿ ಪೆಗ್ ಎಂದು ನಾನು ಗೊತ್ತುಮಾಡಿದ್ದೇ ತಪ್ಪಾಗಿತ್ತು. ಅಂದಿನಿಂದ ಯಾವ ಆಟವನ್ನೇ ಆಗಲಿ ಮೇಜಿನ ಮೇಲೆ ಇಡುವ ಮೊದಲು ಒಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ: ಲೋಟದಲ್ಲಿ ಬರಿಯ ನೀರಿದ್ದರೂ ಈ ಆಟ ಹತ್ತು ನಿಮಿಷ ನಗಿಸೀತೇ? ನಗಿಸುವುದಾದರೆ ಅದು ಆಟ. ಇಲ್ಲವಾದರೆ ಅದು ಬೇಗ ಬೇಗ ಕುಡಿಯಲು ಹುಡುಕಿಕೊಂಡ ನೆಪ ಮಾತ್ರ. ಕೆಳಗೆ ಹೇಳಿರುವ ಆಯ್ಕೆಗಳೆಲ್ಲ ಈ ಒಂದು ಪರೀಕ್ಷೆಯಲ್ಲಿ ಪಾಸಾದವು, ಅಥವಾ ಸ್ವಲ್ಪ ತಿದ್ದಿದರೆ ಪಾಸಾಗುವಂಥವು.

ಮೊದಲ ಹೆಜ್ಜೆ: ಯಾರು ಬರುತ್ತಾರೆ ಎಂಬುದನ್ನು ನೋಡಿ

ಆಟವನ್ನು ಯೋಚಿಸುವ ಮೊದಲು ಬರುವವರನ್ನು ಎಣಿಸಬೇಕು. ನಾಲ್ಕರಿಂದ ಆರು ಮಂದಿ ಇದ್ದರೆ ದಾಳ ಮತ್ತು ಇಸ್ಪೀಟಿನ ಆಟಗಳು ಚೆನ್ನಾಗಿ ನಡೆಯುತ್ತವೆ, ಏಕೆಂದರೆ ಸರದಿ ಬೇಗ ಬರುತ್ತದೆ. ಎಂಟರ ಮೇಲಾದರೆ ಒಬ್ಬರ ಸರದಿ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಫೋನ್ ತೆಗೆದು ನೋಡತೊಡಗುತ್ತಾರೆ. ಅಂಥ ಕಡೆ ತಂಡ ಕಟ್ಟಿ ಆಡುವ ಆಟ, ಇಲ್ಲವೇ ಎಲ್ಲರೂ ಒಟ್ಟಿಗೆ ಬಾಯಿ ಬಿಡುವ ಆಟ ಬೇಕು. ಎಷ್ಟು ಮಂದಿ ಎಂಬುದಕ್ಕಿಂತಲೂ ಅವರಿಗೆ ಪರಸ್ಪರ ಎಷ್ಟು ಪರಿಚಯ ಎಂಬುದು ಮುಖ್ಯ. ಹತ್ತು ವರ್ಷದ ಗೆಳೆಯರ ನಡುವೆ ನಗು ತರಿಸುವ ಪ್ರಶ್ನೆ, ಅದೇ ಕೂಟಕ್ಕೆ ಮೊದಲ ಸಲ ಬಂದ ಸಹೋದ್ಯೋಗಿಯ ಮುಖವನ್ನು ಸಣ್ಣಗೆ ಮಾಡಬಹುದು.

ಕುಡಿಯದವರು ಯಾರೆಂಬುದನ್ನು ಮೊದಲೇ ತಿಳಿದುಕೊಳ್ಳಿ, ಆದರೆ ಕಾರಣ ಕೇಳಬೇಡಿ. ಗಾಡಿ ಓಡಿಸಬೇಕಾದವರು, ಗರ್ಭಿಣಿಯರು, ನಿದ್ದೆಯ ಮಾತ್ರೆ ಅಥವಾ ಮೆಟ್ರೊನಿಡಜೋಲ್‌ನಂಥ ಔಷಧ ತೆಗೆದುಕೊಳ್ಳುತ್ತಿರುವವರು, ಕುಡಿತ ಬಿಟ್ಟವರು, ಸುಮ್ಮನೆ ಇಷ್ಟವಿಲ್ಲದವರು, ಎಲ್ಲರೂ ಒಂದೇ ಸಾಲಿಗೆ ಸೇರುತ್ತಾರೆ. ಅವರ ಲೋಟದಲ್ಲಿ ಜ್ಯೂಸೋ ಸೋಡಾವೋ ಇರಲಿ, ನಿಯಮ ಮಾತ್ರ ಎಲ್ಲರಿಗೂ ಒಂದೇ ಇರಲಿ. ಕಾನೂನು ಒಪ್ಪುವ ವಯಸ್ಸು ಆಗದವರು ಕೂಟದಲ್ಲಿದ್ದರೆ ಈ ಲೇಖನವನ್ನು ಇಲ್ಲಿಗೇ ಮಡಚಿಟ್ಟು ಬೇರೆ ಆಟ ಆಡುವುದು ಸರಿ.

ಎರಡನೆಯ ಹೆಜ್ಜೆ: ಗುಟುಕಿನ ಲೆಕ್ಕ ಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಆಟದ ಶುರುವಿನಲ್ಲೇ ದಂಡ ಎಂದರೆ ಎಷ್ಟು ಎಂಬುದನ್ನು ಗೊತ್ತುಮಾಡದಿದ್ದರೆ, ಎರಡನೆಯ ಸುತ್ತಿನ ಹೊತ್ತಿಗೆ ಯಾರೋ ಒಬ್ಬರು ‘ಪೂರ್ತಿ ಮುಗಿಸು’ ಎಂದು ಕೂಗುತ್ತಾರೆ, ಮತ್ತೆ ಆ ಕೂಗೇ ನಿಯಮವಾಗಿಬಿಡುತ್ತದೆ. ದಂಡ ಯಾವಾಗಲೂ ಒಂದು ಗುಟುಕು. ಪೆಗ್ ಅಲ್ಲ, ಲೋಟವೂ ಅಲ್ಲ.

ಒಂದು ಗುಟುಕನ್ನು 20 ಮಿ.ಲೀ. ಎಂದು ಹಿಡಿಯೋಣ. ಶೇ 5ರ ಬಿಯರ್ ಆದರೆ ಅದರಲ್ಲಿ ಸುಮಾರು 0.8 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 12ರ ವೈನ್ ಆದರೆ 1.9 ಗ್ರಾಂ. ಶೇ 40ರ ವಿಸ್ಕಿಯನ್ನೋ ರಮ್ಮನ್ನೋ 30 ಮಿ.ಲೀ. ಅಳೆದು, 120 ಮಿ.ಲೀ. ನೀರು ಅಥವಾ ಸೋಡಾ ಬೆರೆಸಿದರೆ ಅದರ ಗುಟುಕಿನಲ್ಲಿ ಸುಮಾರು 1.3 ಗ್ರಾಂ. ಸಾಧಾರಣ ವಯಸ್ಕರ ಯಕೃತ್ತು ಒಂದು ತಾಸಿನಲ್ಲಿ ಕರಗಿಸಬಲ್ಲದ್ದು ಸರಿಸುಮಾರು 7ರಿಂದ 10 ಗ್ರಾಂ. ದೇಹದ ತೂಕ ಮತ್ತು ಆರೋಗ್ಯದ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ಅಂದರೆ ಬಿಯರ್ ಕುಡಿಯುವವರಿಗೆ ತಾಸಿಗೆ ಹತ್ತು ಗುಟುಕು, ವೈನ್ ಕುಡಿಯುವವರಿಗೆ ನಾಲ್ಕೈದು ಗುಟುಕು ದಾಟಿದರೆ ಉಳಿದದ್ದು ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ. ಆಟದ ನಡುವೆ ಜನ ತಮ್ಮಷ್ಟಕ್ಕೆ ತಾವೂ ಕುಡಿಯುತ್ತಿರುತ್ತಾರಾದ್ದರಿಂದ ಆಟದ ಪಾಲಿಗೆ ಇದರ ಅರ್ಧವನ್ನಷ್ಟೇ ಬಿಡುವುದು ಜಾಣತನ.

ಈ ಲೆಕ್ಕ ಗೊತ್ತಿದ್ದರೆ ಕೆಲವು ಆಟಗಳನ್ನು ಹೆಸರು ಕೇಳಿದೊಡನೆ ಬದಿಗಿಡಬಹುದು. ‘ಪವರ್ ಅವರ್’ ಎಂಬ ಪ್ರಸಿದ್ಧ ಆಟದಲ್ಲಿ ಅರುವತ್ತು ನಿಮಿಷ, ನಿಮಿಷಕ್ಕೊಂದರಂತೆ, ಚಿಕ್ಕ ಶಾಟ್ ಗ್ಲಾಸ್ ತುಂಬ ಬಿಯರ್ ಕುಡಿಯಬೇಕು. ಬಿಯರ್ ತಾನೇ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಗ್ಲಾಸು 45 ಮಿ.ಲೀ.ನದಾದರೆ ಒಟ್ಟು 2.7 ಲೀಟರ್, ನೂರು ಗ್ರಾಮಿಗೂ ಮೀರಿದ ಆಲ್ಕೋಹಾಲ್, ಅದೂ ಒಂದೇ ತಾಸಿನಲ್ಲಿ. ಇದನ್ನು ನೀರಿನಲ್ಲಿ ಆಡಿ ನೋಡಿ, ಗಡಿಯಾರ ನೋಡುತ್ತಾ ನೀರು ಕುಡಿಯುವುದರಲ್ಲಿ ನಗುವಂಥದ್ದು ಏನೂ ಇಲ್ಲ.

ಮೂರನೆಯ ಹೆಜ್ಜೆ: ಆಟವನ್ನು ಆರಿಸಿ

ಬಾಯಿಮಾತಿನ ಆಟಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವಕ್ಕೆ ಯಾವ ಸಾಮಾನೂ ಬೇಡ, ತಡವಾಗಿ ಬಂದವರೂ ನಡುವೆಯೇ ಸೇರಿಕೊಳ್ಳಬಹುದು. ಅವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಏಳರ ಆಟ. ವೃತ್ತದಲ್ಲಿ ಕುಳಿತು ಒಬ್ಬೊಬ್ಬರೇ ಒಂದೊಂದು ಸಂಖ್ಯೆ ಹೇಳುತ್ತಾ ಹೋಗಬೇಕು. ಏಳು ಇರುವ ಸಂಖ್ಯೆ ಬಂದಾಗಲೂ, ಏಳರಿಂದ ಭಾಗವಾಗುವ ಸಂಖ್ಯೆ ಬಂದಾಗಲೂ ಸಂಖ್ಯೆಯ ಬದಲು ‘ಬಜ್’ ಎನ್ನಬೇಕು. ಮೂವತ್ತರೊಳಗೆ ಹೀಗೆ ಆರು ಸಲ ಬಜ್ ಬರುತ್ತದೆ: 7, 14, 17, 21, 27 ಮತ್ತು 28. ಇದನ್ನು ಕನ್ನಡದಲ್ಲಿ ಎಣಿಸಿದರೆ ಅದಕ್ಕೊಂದು ಬೇರೆಯೇ ರುಚಿ ಬರುತ್ತದೆ. ಹದಿನೇಳು, ಇಪ್ಪತ್ತೇಳು ಎನ್ನುವಾಗ ಏಳು ಕಿವಿಗೇ ಕೇಳಿಸಿ ಎಚ್ಚರಿಸುತ್ತದೆ; ಹದಿನಾಲ್ಕರಲ್ಲಿ ಅಂಥ ಸುಳಿವೇ ಇಲ್ಲವಾದ್ದರಿಂದ ಮೊದಲ ಸುತ್ತಿನಲ್ಲಿ ಎಡವುವವರು ಹೆಚ್ಚಾಗಿ ಅಲ್ಲಿಯೇ ಎಡವುತ್ತಾರೆ. ಎರಡನೆಯ ಗುಂಡಿ ಇಪ್ಪತ್ತೆಂಟು. ಪಕ್ಕದವರು ಈಗಷ್ಟೇ ಬಜ್ ಎಂದಿರುವಾಗ ತಾನೂ ಬಜ್ ಎನ್ನಬೇಕೆಂಬುದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ತಪ್ಪಿದವರು ಒಂದು ಗುಟುಕು ಕುಡಿದು ಮತ್ತೆ ಒಂದರಿಂದ ಶುರುಮಾಡಬೇಕು. ಎಪ್ಪತ್ತನ್ನು ಮುಟ್ಟಿದ ಕೂಟವನ್ನು ನಾನು ಇನ್ನೂ ನೋಡಿಲ್ಲ. ಮುಟ್ಟಿದರೆ ಎಪ್ಪತ್ತೊಂಬತ್ತರವರೆಗೆ ಸಾಲಾಗಿ ಹತ್ತು ಬಜ್ ಕಾದಿವೆ.

‘ನಾನು ಎಂದೂ ಮಾಡಿಲ್ಲ’ ಎಂಬ ಆಟ ಎಲ್ಲರಿಗೂ ಗೊತ್ತು. ಒಬ್ಬರು ತಾವು ಎಂದೂ ಮಾಡದ ಒಂದು ಕೆಲಸವನ್ನು ಹೇಳುತ್ತಾರೆ, ಅದನ್ನು ಮಾಡಿದವರೆಲ್ಲ ಗುಟುಕು ಕುಡಿಯುತ್ತಾರೆ. ಈ ಆಟದಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಹೆಚ್ಚು ಲೋಕ ಕಂಡವರು ಹೆಚ್ಚು ಕುಡಿಯಬೇಕಾಗುತ್ತದೆ ಎಂಬುದು ಒಂದು. ಇದಕ್ಕೆ ಪರಿಹಾರ ಸುಲಭ: ಪ್ರತಿ ಸಲ ಕುಡಿಯುವ ಬದಲು ಒಂದು ಬೆರಳು ಮಡಚಿ, ಐದೂ ಬೆರಳು ಮಡಚಿದ ಮೇಲೆ ಒಂದು ಗುಟುಕು ಕುಡಿಯಲಿ. ಇನ್ನೊಂದು ಎಡವಟ್ಟು ದೊಡ್ಡದು. ಅಮಲು ಏರಿದಂತೆ ಮಾತು ಮೊನಚಾಗುತ್ತದೆ, ಕೂಟದಲ್ಲಿರುವ ಯಾರೋ ಒಬ್ಬರ ಗುಟ್ಟನ್ನು ಹೊರಗೆಳೆಯಲೆಂದೇ ವಾಕ್ಯಗಳು ಹುಟ್ಟತೊಡಗುತ್ತವೆ. ಹಾಗಾಗಿ ಇದನ್ನು ರಾತ್ರಿಯ ಆರಂಭದಲ್ಲಿ ಇಪ್ಪತ್ತು ನಿಮಿಷ ಆಡಿ ಮುಗಿಸಿಬಿಡಬೇಕು, ಮತ್ತೆ ‘ಒಬ್ಬರಿಗೇ ಗುರಿಯಿಟ್ಟ ವಾಕ್ಯ ಹೇಳಿದರೆ ಹೇಳಿದವರೇ ಕುಡಿಯಬೇಕು’ ಎಂಬ ನಿಯಮವನ್ನು ಮೊದಲೇ ಸಾರಬೇಕು. ಬೆರಳು ತೋರಿಸಿ ‘ಇಂಥದ್ದನ್ನು ಮಾಡುವವರು ನಮ್ಮಲ್ಲಿ ಯಾರು’ ಎಂದು ಆರಿಸುವ ಆಟಕ್ಕೂ ಇದೇ ಮಾತು ಸಲ್ಲುತ್ತದೆ. ಎಷ್ಟು ಬೆರಳು ತೋರಿದರೂ ದಂಡ ಒಂದೇ ಗುಟುಕು.

ದಾಳದ ಆಟಗಳಲ್ಲಿ ‘ಮಿಯಾ’ ಎಂಬುದನ್ನು ಕಲಿತಿಟ್ಟುಕೊಳ್ಳಿ. ಬೇಕಾದದ್ದು ಎರಡು ದಾಳ, ಒಂದು ಪಾರದರ್ಶಕವಲ್ಲದ ಲೋಟ. ಲೋಟದೊಳಗೆ ದಾಳಗಳನ್ನು ಕುಲುಕಿ, ಬೋರಲು ಹಾಕಿ, ತಾನೊಬ್ಬನೇ ಇಣುಕಿ ನೋಡಿ ಅಂಕವನ್ನು ಘೋಷಿಸಬೇಕು. ದೊಡ್ಡ ಅಂಕಿ ಹತ್ತರ ಸ್ಥಾನದಲ್ಲಿ, ಚಿಕ್ಕದು ಬಿಡಿಯ ಸ್ಥಾನದಲ್ಲಿ ನಿಲ್ಲುತ್ತದೆ, ಆರು ಮತ್ತು ಮೂರು ಬಿದ್ದರೆ 63. ಎಲ್ಲಕ್ಕಿಂತ ಮೇಲಿನದು 21, ಅದೇ ಮಿಯಾ. ಅದರ ಕೆಳಗೆ 66ರಿಂದ 11ರವರೆಗಿನ ಜೋಡಿಗಳು. ಅವುಗಳ ಕೆಳಗೆ 65ರಿಂದ 31ರವರೆಗೆ ಉಳಿದವು. ಘೋಷಣೆ ನಿಜವೂ ಆಗಿರಬಹುದು, ಶುದ್ಧ ಸುಳ್ಳೂ ಆಗಿರಬಹುದು. ಪಕ್ಕದವರು ಒಂದೋ ಅದನ್ನು ನಂಬಿ, ದಾಳ ಕುಲುಕಿ, ಅದಕ್ಕಿಂತ ದೊಡ್ಡದನ್ನು ಘೋಷಿಸಬೇಕು. ಇಲ್ಲವೇ ‘ಸುಳ್ಳು’ ಎಂದು ಲೋಟ ಎತ್ತಬೇಕು. ಸುಳ್ಳು ಸಿಕ್ಕಿಬಿದ್ದರೆ ಹೇಳಿದವರಿಗೆ ಗುಟುಕು, ನಿಜವಾಗಿದ್ದರೆ ಅನುಮಾನಿಸಿದವರಿಗೆ.

ಈ ಆಟದ ಸೊಗಸು ಲೆಕ್ಕದಲ್ಲಿದೆ. ಎರಡು ದಾಳ ಬೀಳುವ ಬಗೆಗಳು 36. ಅವುಗಳಲ್ಲಿ ಮಿಯಾ ಬರುವುದು ಎರಡು ಬಗೆಯಲ್ಲಿ, ಆರು ಜೋಡಿಗಳು ಒಂದೊಂದು ಬಗೆಯಲ್ಲಿ. ಪಕ್ಕದವರು ಮುಖ ಗಂಟಿಕ್ಕದೆ ‘ನಲವತ್ತನಾಲ್ಕು’ ಎಂದರು ಎನ್ನಿ. 44 ಅಥವಾ ಅದಕ್ಕಿಂತ ಮೇಲಿನದು ಬೀಳುವುದು 36ರಲ್ಲಿ ಐದೇ ಸಲ. ನೀವು ನಂಬಿದಿರೋ, ಅದನ್ನು ಮೀರಿಸಲು ನಿಮಗೆ 55, 66 ಅಥವಾ 21 ಬೇಕು. ಅದು 36ರಲ್ಲಿ ನಾಲ್ಕು, ಅಂದರೆ ಒಂಬತ್ತಕ್ಕೆ ಒಂದು. ಹೀಗೆ ನಂಬಿದವರು ಹೆಚ್ಚುಕಡಿಮೆ ತಾವೂ ಸುಳ್ಳು ಹೇಳಲೇಬೇಕಾಗುತ್ತದೆ, ಮತ್ತೆ ಆ ಸುಳ್ಳಿಗೆ ಮುಖ ಹೊಂದಿಸಿಕೊಳ್ಳುವ ಗೆಳೆಯರನ್ನು ನೋಡುವುದೇ ಆಟದ ನಿಜವಾದ ಮೋಜು. ಆರು ಮಂದಿಗಿಂತ ಹೆಚ್ಚಿದ್ದರೆ ಇದು ನಿಧಾನವಾಗುತ್ತದೆ. ಸತತ ಎರಡು ಸಲ ಸೋತವರಿಗೆ ಮೂರನೆಯ ದಂಡ ಗುಟುಕಲ್ಲ, ‘ಕಾಗೆ ಪುಕ್ಕ ಗುಬ್ಬಿ ಪುಕ್ಕ’ ಎಂದು ಐದು ಸಲ ತಡವರಿಸದೆ ಹೇಳುವುದು ಎಂದು ಗೊತ್ತುಮಾಡಿದರೆ, ನಾನು ಮೇಲೆ ಹೇಳಿದ ಸುಳಿಗೆ ಯಾರೂ ಸಿಕ್ಕುವುದಿಲ್ಲ.

ಇಸ್ಪೀಟಿನ ಆಟ ಎಂದೊಡನೆ ‘ಕಿಂಗ್ಸ್’ ನೆನಪಾಗುತ್ತದೆ. 52 ಎಲೆಗಳನ್ನು ಬೋರಲಾಗಿ ವೃತ್ತಾಕಾರದಲ್ಲಿ ಹರಡಿ, ನಡುವೆ ಒಂದು ಖಾಲಿ ಲೋಟವಿಟ್ಟು, ಒಬ್ಬೊಬ್ಬರೇ ಒಂದೊಂದು ಎಲೆ ಎತ್ತುವುದು. ಪ್ರತಿ ಎಲೆಗೂ ಒಂದು ನಿಯಮ. ಎಂಟು ಮಂದಿ ಇದ್ದರೆ ತಲಾ ಆರೋ ಏಳೋ ಎಲೆ ಬರುತ್ತದೆ. ಸೋಲುಗೆಲುವು ಕೈಚಳಕದಲ್ಲಿ ಇಲ್ಲದೆ ಎಲೆಯಲ್ಲಿರುವುದರಿಂದ ಭಾರ ಒಬ್ಬರ ಮೇಲೇ ಬೀಳುವುದಿಲ್ಲ, ಇದು ಈ ಆಟದ ಗುಣ. ಆದರೆ ಅದರ ರೂಢಿಯ ನಿಯಮಗಳಲ್ಲಿ ಎರಡನ್ನು ಕಿತ್ತುಹಾಕಬೇಕು. ಎಕ್ಕ ಬಂದರೆ ಎಲ್ಲರೂ ಒಟ್ಟಿಗೆ ಕುಡಿಯಲು ಶುರುಮಾಡಿ, ಪಕ್ಕದವರು ನಿಲ್ಲಿಸುವವರೆಗೆ ತಾವೂ ನಿಲ್ಲಿಸುವಂತಿಲ್ಲ ಎಂಬುದು ಒಂದು. ಸಾಲಿನ ಕೊನೆಯವರ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಮೊದಲ ಮೂರು ರಾಜರನ್ನು ಎತ್ತಿದವರು ತಮ್ಮ ತಮ್ಮ ಪಾನೀಯವನ್ನು ನಡುವಿನ ಲೋಟಕ್ಕೆ ಸುರಿದು, ನಾಲ್ಕನೆಯ ರಾಜನನ್ನು ಎತ್ತಿದವರು ಆ ಕಲಬೆರಕೆಯನ್ನು ಕುಡಿಯಬೇಕೆಂಬುದು. ನಮ್ಮ ಕೂಟದಲ್ಲಿ ಎಕ್ಕಕ್ಕೆ ಎಲ್ಲರೂ ನೀರು ಕುಡಿಯುತ್ತೇವೆ, ಮತ್ತೆ ನಡುವಿನ ಲೋಟಕ್ಕೆ ಪಾನೀಯದ ಬದಲು ಒಂದೊಂದು ಚೀಟಿ ಬರೆದು ಹಾಕುತ್ತೇವೆ; ನಾಲ್ಕನೆಯ ರಾಜ ಬಂದವರು ಒಂದು ಚೀಟಿ ಎತ್ತಿ ಅದರಲ್ಲಿದ್ದ ಕೆಲಸ ಮಾಡಬೇಕು. ಪಾತ್ರೆ ತೊಳೆಯುವ ಕೆಲಸ ಎಷ್ಟೋ ಸಲ ಹೀಗೆಯೇ ಇತ್ಯರ್ಥವಾಗಿದೆ. ಗುಲಾಮ ಬಂದವರು ಹೊಸ ನಿಯಮವೊಂದನ್ನು ಹೇರುವ ರೂಢಿಯನ್ನಂತೂ ಬಿಡಲೇಬಾರದು: ‘ಯಾರೂ ಇನ್ನೊಬ್ಬರ ಹೆಸರು ಹೇಳಕೂಡದು’ ಎಂಬ ಒಂದೇ ನಿಯಮ ಅರ್ಧ ತಾಸು ಕೂಟವನ್ನು ನಗಿಸುತ್ತದೆ.

ಮೈಕೈ ಆಡಿಸುವ ಆಟ ಬೇಕೆಂದರೆ ಬಿಯರ್ ಪಾಂಗ್ ಇದೆ. ಮೇಜಿನ ಎರಡೂ ತುದಿಯಲ್ಲಿ ಹತ್ತು ಹತ್ತು ಕಪ್ಪುಗಳನ್ನು ತ್ರಿಕೋನವಾಗಿ ಜೋಡಿಸಿ, ಎದುರು ತಂಡದ ಕಪ್ಪಿಗೆ ಟೇಬಲ್ ಟೆನಿಸ್ ಚೆಂಡನ್ನು ಎಸೆಯುವುದು. ಚೆಂಡು ಬಿದ್ದ ಕಪ್ಪಿನ ಬಿಯರನ್ನು ಎದುರಿನವರು ಕುಡಿಯಬೇಕು. ನೆಲದ ಮೇಲೆ ಉರುಳಾಡಿದ ಚೆಂಡು ಮುಳುಗಿದ ಬಿಯರನ್ನು ಕುಡಿಯುವುದು ನನಗೆ ಒಗ್ಗುವುದಿಲ್ಲ. ಕಪ್ಪುಗಳಿಗೆ ನೀರು ತುಂಬಿಸಿ, ಗುಟುಕನ್ನು ಅವರವರ ಲೋಟದಿಂದಲೇ ಕುಡಿಯುವಂತೆ ಮಾಡಿದರೆ ಆಟದ ರಂಜನೆಯಲ್ಲಿ ಎಳ್ಳಷ್ಟೂ ಕೊರತೆಯಾಗದು. ಕಪ್ಪನ್ನು ಮೇಜಿನ ಅಂಚಿನಲ್ಲಿಟ್ಟು ಬೆರಳಿನಿಂದ ಚಿಮ್ಮಿ ಬೋರಲು ಬೀಳಿಸುವ ರಿಲೇ ಆಟ ಎರಡು ತಂಡಗಳಿಗೆ ಇನ್ನೂ ಸೊಗಸು, ಆದರೆ ಅಲ್ಲಿ ವೇಗವೇ ಗೆಲುವಾದ್ದರಿಂದ ಕಪ್ಪಿನಲ್ಲಿ ಒಂದು ಬೆರಳಗಲಕ್ಕಿಂತ ಹೆಚ್ಚು ಇರಕೂಡದು. ಗಾಜಿನ ಲೋಟ ಬೇಡವೇ ಬೇಡ.

ಗೋಪುರ ಬೀಳದಂತೆ ಒಂದೊಂದೇ ಮರದ ತುಂಡನ್ನು ಎಳೆದು ತೆಗೆಯುವ ಜೆಂಗಾ ಆಟ ಇದ್ದರೆ ಅದರ 54 ತುಂಡುಗಳಲ್ಲಿ ಹದಿನೈದಕ್ಕೆ ಪೆನ್ಸಿಲಿನಿಂದ ಚಿಕ್ಕ ಚಿಕ್ಕ ಆಜ್ಞೆ ಬರೆದಿಡಿ. ಉಳಿದವು ಖಾಲಿಯೇ ಇರಲಿ.

ಸಿನಿಮಾ ಅಥವಾ ಪಂದ್ಯ ನೋಡುತ್ತಾ ಇಂಥದ್ದು ನಡೆದಾಗೆಲ್ಲ ಗುಟುಕು ಎನ್ನುವ ಆಟದಲ್ಲಿ ಒಂದೇ ಎಚ್ಚರ: ಆ ಘಟನೆ ಎಷ್ಟು ಸಲ ಬರುತ್ತದೆಂಬ ಅಂದಾಜು ಇರಬೇಕು. ಫುಟ್‌ಬಾಲ್ ಪಂದ್ಯದಲ್ಲಿ ಗೋಲಿಗೆ ಗುಟುಕು ಎಂದರೆ ಬಾಯಿ ಒಣಗುತ್ತದೆ, ಪಾಸಿಗೆ ಗುಟುಕು ಎಂದರೆ ಆಂಬುಲೆನ್ಸ್ ಬರುತ್ತದೆ, ಕಾರ್ನರ್ ಕಿಕ್ಕಿಗೆ ಎಂದರೆ ಹದವಾಗಿರುತ್ತದೆ.

ಹತ್ತಕ್ಕೂ ಹೆಚ್ಚು ಮಂದಿ ಸೇರಿದರೆ ನಾನು ಕುಡಿತದ ಆಟವನ್ನೇ ಬಿಟ್ಟು ‘ಮಾಫಿಯಾ’ ಆಡಿಸುತ್ತೇನೆ. 1986ರಲ್ಲಿ ಮಾಸ್ಕೋದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿಮಿತ್ರಿ ದಾವಿದೋಫ್ ರೂಪಿಸಿದ ಈ ಆಟದಲ್ಲಿ ಊರಿನವರ ನಡುವೆ ಅಡಗಿದ ಕೊಲೆಗಾರರನ್ನು ಮಾತಿನಿಂದಲೇ ಪತ್ತೆಹಚ್ಚಬೇಕು. ಅದಕ್ಕೆ ದಂಡವೇ ಇಲ್ಲ. ‘ರಾತ್ರಿಯಾಯಿತು’ ಎಂದು ನಿರೂಪಕರು ಹೇಳಿದಾಗ ಬೇಕೆನಿಸಿದವರು ಒಂದು ಗುಟುಕು ಕುಡಿಯಬಹುದು, ಅಷ್ಟೇ. ಕುಡಿತವನ್ನೂ ಆಟವನ್ನೂ ಹೀಗೆ ಬೇರ್ಪಡಿಸುವುದು ಹೊಸದೇನಲ್ಲ. ಪ್ರಾಚೀನ ಗ್ರೀಕರು ತಮ್ಮ ಪಾನಗೋಷ್ಠಿಗಳಲ್ಲಿ ‘ಕೊಟ್ಟಬೋಸ್’ ಎಂಬ ಆಟ ಆಡುತ್ತಿದ್ದರು. ದ್ರಾಕ್ಷಾರಸ ಕುಡಿದಾದ ಮೇಲೆ ಬಟ್ಟಲಿನ ತಳದಲ್ಲಿ ಉಳಿದ ಗಸಿಯನ್ನು ಗುರಿಯಿಟ್ಟು ಚಿಮ್ಮುವುದೇ ಆ ಆಟ. ಅಲ್ಲಿ ಆಟಕ್ಕೆ ಬಳಕೆಯಾಗುತ್ತಿದ್ದುದು ಎಸೆಯುವ ಮದ್ಯ. ಗೋಡೆ ಒರೆಸುತ್ತಿದ್ದವರು ಏನೆನ್ನುತ್ತಿದ್ದರೋ ಗೊತ್ತಿಲ್ಲ.

ನಾಲ್ಕನೆಯ ಹೆಜ್ಜೆ: ಸರಣಿ ಜೋಡಿಸಿ, ಕೊನೆಯ ಹೊತ್ತನ್ನು ಮೊದಲೇ ಹೇಳಿ

ಒಂದು ರಾತ್ರಿಗೆ ಮೂರು ಆಟ ಸಾಕು. ಗಮನ ಬೇಡುವ ಆಟ ಮೊದಲು, ಅದೃಷ್ಟದ ಆಟ ಆಮೇಲೆ. ಏಳರ ಆಟವೋ ಮಿಯಾವೋ ತಲೆ ತಿಳಿಯಾಗಿರುವಾಗಲೇ ಚೆನ್ನ. ಕಿಂಗ್ಸ್ ಯಾವ ಹೊತ್ತಿಗೂ ನಡೆಯುತ್ತದೆ. ಎರಡು ಆಟಗಳ ನಡುವೆ ಊಟ ಬರಲಿ, ಅದಕ್ಕೂ ಮೊದಲು ಎಲ್ಲರ ಹೊಟ್ಟೆಗೆ ಏನಾದರೂ ಬಿದ್ದಿರಲಿ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ರಕ್ತಕ್ಕೆ ಸೇರುವ ವೇಗ ಬಹಳ ಹೆಚ್ಚು. ಮೇಜಿನ ಮೇಲೆ ನೀರಿನ ಜಗ್ಗು ಮದ್ಯದ ಬಾಟಲಿಗಿಂತ ಹತ್ತಿರದಲ್ಲಿರಬೇಕು.

ಆಟ ಎಷ್ಟು ಹೊತ್ತಿಗೆ ನಿಲ್ಲುತ್ತದೆಂಬುದನ್ನು ಶುರುವಿನಲ್ಲೇ ಹೇಳಿಬಿಡಿ. ನಡುರಾತ್ರಿಯಲ್ಲಿ ‘ಇನ್ನೊಂದೇ ಸುತ್ತು’ ಎನ್ನುವವರ ಜೊತೆ ವಾದಿಸುವುದಕ್ಕಿಂತ ಇದು ಎಷ್ಟೋ ಸುಲಭ. ಯಾರು ಬೇಕಾದರೂ ಕಾರಣ ಕೊಡದೆ ಗುಟುಕನ್ನು ನಿರಾಕರಿಸಬಹುದು ಎಂಬ ನಿಯಮವನ್ನೂ ಆಗಲೇ ಸಾರಿ, ಆತಿಥ್ಯ ವಹಿಸಿದವರೇ ಮೊದಲ ಸಲ ನಿರಾಕರಿಸಿ ತೋರಿಸಿದರೆ ಉಳಿದವರ ಸಂಕೋಚ ಕಳೆಯುತ್ತದೆ. ಮನೆಗೆ ಹೋಗುವವರ ಗಾಡಿಯ ಕೀಲಿಗಳನ್ನು ಬಂದಾಗಲೇ ಒಂದು ಡಬ್ಬಕ್ಕೆ ಹಾಕಿಸಿ, ಡಬ್ಬವನ್ನು ಕುಡಿಯದವರೊಬ್ಬರ ವಶಕ್ಕೆ ಕೊಡಿ.

ಐದನೆಯ ಹೆಜ್ಜೆ: ಆಟ ನಿಂತ ಮೇಲಿನ ಒಂದು ತಾಸು

ಕೊನೆಯ ಗುಟುಕಿನ ಪರಿಣಾಮ ರಕ್ತದಲ್ಲಿ ತುತ್ತತುದಿಗೆ ಮುಟ್ಟಲು ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ತಾಸು ಹಿಡಿಯುತ್ತದೆ. ಆದ್ದರಿಂದ ಆಟ ಮುಗಿದಾಗ ನೆಟ್ಟಗೆ ಕುಳಿತಿದ್ದವರು ಆಮೇಲೆ ತೂರಾಡಬಹುದು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಅಮಲನ್ನು ಇಳಿಸುವುದಿಲ್ಲ, ಇಳಿಸುವುದು ಸಮಯ ಮಾತ್ರ. ಮಲಗಿದವರನ್ನು ಅಂಗಾತ ಬಿಡದೆ ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಇಲ್ಲವಾದರೆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುತ್ತದೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿದ್ದರೆ ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರವಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದ್ದರೆ, ನಿದ್ದೆ ಮಾಡಿ ಸರಿಹೋಗಲಿ ಎಂದು ಕಾಯದೆ ತಕ್ಷಣ ತುರ್ತು ಸೇವೆಗೆ ಕರೆಮಾಡಬೇಕು, ಅವರು ಬರುವವರೆಗೆ ಒಬ್ಬರು ಪಕ್ಕದಲ್ಲೇ ಇರಬೇಕು.

ಹಾಗೇನೂ ಆಗದ ರಾತ್ರಿಗಳೇ ಹೆಚ್ಚು. ಅಂಥ ರಾತ್ರಿ ಆ ಒಂದು ತಾಸನ್ನು ಕಳೆಯಲು ನಾವು ಮಿಯಾದ ದಾಳಗಳನ್ನು ಮತ್ತೆ ತೆಗೆಯುತ್ತೇವೆ, ಈ ಸಲ ಎಲ್ಲರ ಲೋಟದಲ್ಲೂ ನೀರು. ಹೋದ ಸಲ ನನ್ನ ಪಕ್ಕದಲ್ಲಿ ಕುಳಿತವರು ಸತತ ಮೂರು ಸುತ್ತು ‘ಮಿಯಾ’ ಎಂದರು. ಮೂರನೆಯದನ್ನು ನಂಬದೆ ಲೋಟ ಎತ್ತಿದೆ, ದಾಳಗಳಲ್ಲಿ ಎರಡು ಮತ್ತು ಒಂದು ಇದ್ದವು.